ಹಟ್ಟಿಯ ಮಾತು, ನನ್ನ ಓಟು

ಹೋದ ವಾರ ಅವ್ವ ಅಟ್ಟದ ಮೇಲಿದ್ದ ಕರಿ ಕಂಬಳಿಯನ್ನು ಬಿಸಿಲಿಗೆ ಹಾಕಿದ್ದಳು. ಕುರಿ ಉಣ್ಣೆ, ನೇಯುವಾಗ ಹಚ್ಚಿದ ಹುಣಸೆಬೀಜದ ಗಂಜಿ, ಎಲ್ಲೋ ಅಂಚಿನಲ್ಲಿ ಉಳಿದ ಹೊಗೆಸೊಪ್ಪಿನ ಘಾಟು… ಅದನ್ನು ನಮಗೆ ಕೊಟ್ಟು ಹೋಗಿದ್ದ ಎದುರುಮನೆ ಅಜ್ಜ ಬಂದು ಪಕ್ಕದಲ್ಲೇ ಕುಂತಂತಾಯಿತು. ವಾಸನೆಗೆ ಇಷ್ಟು ಶಕ್ತಿ ಇದೆ ಅಂತ ಬೇರೆ ಯಾರಾದರೂ ಹೇಳಿದ್ದರೆ ಪುರಾವೆ ಕೇಳುತ್ತಿದ್ದೆ.

ಜವನಗೊಂಡನಹಳ್ಳಿ ಕಡೆಯ ನಮ್ಮ ಕುರಿಗಾರರ ಹಟ್ಟಿಗೆ ಆ ಅಜ್ಜನೇ ಯಜಮಾನ. ಎಲೆಕ್ಷನ್ ಬಂತೆಂದರೆ ಗುಡಿ ಮುಂದೆ ಕಂಬಳಿ ಹಾಸುತ್ತಿದ್ದರು. ಮನೆಗೊಬ್ಬ ಗಂಡಸು ಕುಂತು ಮಾತಾಡಿ ಒಂದು ಪಕ್ಷಕ್ಕೆ ಒಪ್ಪಿದ ಮೇಲೆ, ಅಜ್ಜ ದೇವರ ಭಂಡಾರದ ಅರಿಶಿನ ಮುಟ್ಟಿ ಆ ಪಕ್ಷದವರಿಗೆ ಮಾತು ಕೊಡುತ್ತಿದ್ದ. ಅಲ್ಲಿಗೆ ಹಟ್ಟಿಯ ಓಟೆಲ್ಲ ಒಂದೇ ಕಡೆ. ಹೆಂಗಸರನ್ನು ಯಾರೂ ಕೇಳುತ್ತಿರಲಿಲ್ಲ.

ನಾನು ಆಗ ಚಿತ್ರದುರ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಕೊಬ್ಬಿದ್ದೆ. ಅದು ನನ್ನ ಮೊದಲ ಓಟು ಬೇರೆ.

"ಅಜ್ಜ, ಭಂಡಾರ ಮುಟ್ಟಿದ್ದು ನಿನ್ನ ಕೈ. ಅದಕ್ಕೆ ನನ್ನ ಬೆರಳು ಯಾಕೆ ಕಟ್ಟು ಬೀಳಬೇಕು? ಓಟು ಗುಟ್ಟು. ಕಾನೂನೇ ಹೇಳುತ್ತೆ."

"ಬಂದ್ಲಪ್ಪ ವಕೀಲಮ್ಮ," ಅಂತ ನಕ್ಕ. "ಲೇ, ನಾವಿರೋದೇ ಒಂದು ಹಿಡಿ ಜನ. ಒಂದೊಂದು ಮನೆ ಒಂದೊಂದು ಕಡೆ ಹಾಕಿದ್ರೆ ಯಾವನು ಈ ಕಡೆ ತಿರುಗಿ ನೋಡ್ತಾನೆ? ಒಟ್ಟಿಗೆ ಅವ್ರೆ ಅಂತ ತಾನೆ ಹುಡುಕ್ಕಂಡು ಬರಾದು?"

"ಬಂದು ಏನು ಕಿಸಿದ್ರು? ಹಳ್ಳಕ್ಕೆ ಸೇತುವೆ ಆಯ್ತಾ?"

"ಆಗಿಲ್ಲ. ಕೇಳಾಕೆ ಒಂದು ಮುಖ ಐತಲ್ಲ!"

ಅಜ್ಜನದು ಸೋಲುವ ವಾದವಲ್ಲ ಅಂತ ನನಗೆ ಗೊತ್ತಾಯಿತು. ಅದಕ್ಕೇ ದನಿ ಏರಿಸಿದೆ. ಅಜ್ಜ ಏರಿಸಲಿಲ್ಲ. ಬೂತು ಚಿಕ್ಕದು, ಹಟ್ಟಿಯವರು ಬಿಟ್ಟರೆ ಬೇರೆಯವರಿಲ್ಲ, ಎಣಿಕೆಯಲ್ಲಿ ಎಲ್ಲ ಬಯಲಾಗುತ್ತೆ, ಒಂದು ಓಟು ಆಚೀಚೆ ಆದರೂ ತಾನಿನ್ನು ಆ ಕಂಬಳಿ ಮೇಲೆ ಕೂರುವಂತಿಲ್ಲ ಅಂದ. ಹಾಗಾದರೆ ನನಗೆ ಬೇಕಾದವರಿಗೆ ಹಾಕಬೇಡವಾ ಅಂತ ಕೇಳಿದೆ.

"ಹಾಕು. ನಿನ್ನ ಬೆರಳು ಹಿಡ್ಕಳಾಕೆ ನಾನು ಬರಲ್ಲ."

ನನಗೆ ಸರಿ ಕಂಡವರಿಗೇ ಹಾಕಿದೆ.

ಎಣಿಕೆಯ ಮಾರನೇ ದಿನ, ಅಜ್ಜ ಮಾತು ಕೊಟ್ಟಿದ್ದ ಪಕ್ಷದವನೊಬ್ಬ ಬೈಕಿನಲ್ಲಿ ಬಂದ. ಗೆದ್ದಿದ್ದರು. ಆದರೂ ಮುಖ ಗಂಟು. "ಹಟ್ಟಿಯಾಗೆ ಒಂದು ಓಟು ಅವರಿಗೆ ಬಿದ್ದೈತೆ. ಯಾರ್ರಿ ಆ ಪುಣ್ಯಾತ್ಮ?"

ಗುಡಿ ಮುಂದಿದ್ದ ಎಲ್ಲರ ಕಣ್ಣೂ ನನ್ನ ಕಡೆ. "ನಂದು," ಅಂತ ನಾನು ಬಾಯಿ ಬಿಡುವುದಕ್ಕೂ, ಅಜ್ಜ "ಅದು ನನ್ನ ಓಟು" ಅನ್ನುವುದಕ್ಕೂ ಸರಿಹೋಯಿತು.

"ಅಲ್ಲ, ನಾನೇ ಹಾಕಿದ್ದು!"

"ಏ, ಈ ಹುಡುಗಿ ಸೂರ್ಯ ಮೂಡಣಕ್ಕೆ ಹುಟ್ತಾನೆ ಅಂದ್ರೂ ಇಲ್ಲ ಅಂತಾಳೆ. ಅವಳ ಚಾಳಿ ನಿಮಗೆ ಗೊತ್ತಿಲ್ವೇನ್ರಪ್ಪ? ನನ್ನ ಮನಸಿಗೆ ಬಂತು, ಹಾಕಿದೆ."

ನಾಲ್ಕು ಜನ ನಕ್ಕರು. ಚರ್ಚೆಯಲ್ಲಿ ಅಷ್ಟು ಕಪ್ ಗೆದ್ದ ನಾಲಿಗೆ, ನನ್ನ ಹಟ್ಟಿಯಲ್ಲಿ ಒಂದು ನಿಜವನ್ನು ನಂಬಿಸಲಾರದೆ ಹೋಯಿತು! ಆಮೇಲೆ ನಗು ನಿಂತಿತು. ಭಂಡಾರ ಮುಟ್ಟಿ ಮಾತು ತಪ್ಪಿದವನು… ಯಾರೂ ಬೈಯಲಿಲ್ಲ. ಮುಂದಿನ ಸಲ ಕಂಬಳಿ ಹಾಸಿದಾಗ ಅಜ್ಜನ ಜಾಗದಲ್ಲಿ ಅವನ ತಮ್ಮನ ಮಗ ಕುಂತಿದ್ದ, ಅಷ್ಟೇ.

ಆಗ ಅಜ್ಜ ನನ್ನ ಜೊತೆ ಆಚೆ ಬೇವಿನ ಮರದ ಕೆಳಗೆ ಕುಂತು ಹೊಗೆಸೊಪ್ಪು ಜಗಿಯುತ್ತಿದ್ದ. ಆ ದಿನ ನೀನು ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದೆ.

"ಸುಳ್ಳು ಅಂತ ನಿಂಗ್ಯಾರು ಹೇಳಿದ್ದು? ಓಟು ಗುಟ್ಟು ಅಂತ ನೀನೇ ತಾನೆ ಭಾಷಣ ಬಿಗಿದಿದ್ದು!" ಅಂದ. ನಾನು ಬಿಡಲಿಲ್ಲ. ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು, "ನಿಂಗೆ ಈ ಹಟ್ಟಿಯಾಗೆ ಇನ್ನೂ ಬಾಳ ವರ್ಷ ಅವೆ ಕಣವ್ವ. ನಂದೇನು…" ಅಂದ.

ಅಜ್ಜ ಹೋಗಿ ಕೆಲವು ವರ್ಷಗಳಾದವು. ಈಗ ಮತ್ತೆ ಎಲೆಕ್ಷನ್. ಗುಡಿ ಮುಂದೆ ಯಾರೂ ಏನೂ ಹಾಸುವುದಿಲ್ಲ. ಅಣ್ಣ ಒಂದು ಪಕ್ಷ, ತಮ್ಮ ಒಂದು ಪಕ್ಷ, ಅತ್ತೆ ಯಾರಿಗೆ ಹಾಕುತ್ತಾಳೋ ಸೊಸೆಗೆ ಗೊತ್ತಿಲ್ಲ. ನಾನು ಕೇಳಿದ್ದು ಇದನ್ನೇ. ಇವತ್ತಿಗೂ ಅದೇ ಸರಿ ಅನ್ನುತ್ತೇನೆ.

ಮೊನ್ನೆ ಪ್ರಚಾರದವರು ನಮ್ಮ ಬಾಗಿಲಿಗೂ ಬಂದರು. ಸೇತುವೆ ಯಾವಾಗ ಅಂತ ಕೇಳಿದೆ. "ನೋಡಾಣ ತಗಳ್ರಿ ಅಕ್ಕ," ಅಂತ ಕೈಗೊಂದು ಚೀಟಿ ತುರುಕಿ ಪಕ್ಕದ ಮನೆಗೆ ನಡೆದರು. ನಿಂತು ಉತ್ತರ ಹೇಳಲೇಬೇಕು ಅನ್ನುವ ಭಯ ಅವರಿಗೇನಿತ್ತು? ನಾನೊಂದು ಮನೆ, ಅಷ್ಟೇ.

ಅಜ್ಜ ಇದ್ದಿದ್ದರೆ ಅವನ ವಾದ ಒಪ್ಪಿಬಿಡುತ್ತಿದ್ದೆ ಅಂತಲ್ಲ. ಅವನಿದ್ದಿದ್ದರೆ ಸಾಕಿತ್ತು, ಇವತ್ತು ಸಂಜೆ ಪೂರ್ತಿ ಅವನ ಹತ್ತಿರ ಜಗಳ ಆಡುತ್ತಿದ್ದೆ.