ಸೊಲ್ಲಾಪುರ ಬಿಟ್ಟು ಬಂದ ಬೆರಳು

ಗೆಳೆಯರೇ, ಇವತ್ತು ಇಳಕಲ್ಲಿನ ನಮ್ಮ ಮಗ್ಗದ ಮನೆಯಲ್ಲಿ ಜೋರು ವಾದ. ಮದುವೆಯಾಗಿ ಸೊಲ್ಲಾಪುರ ಸೇರಿದ್ದ ಶಾಂತಕ್ಕ ಗಂಡ, ಮಕ್ಕಳ ಸಮೇತ ಇಲ್ಲಿಗೇ ವಾಪಸು ಬಂದದ್ದೇಕೆ?

"ಅಲ್ಲಿ ರಾಜಕೀಯ ಕೆಟ್ಟೈತಿ ಲೇ!" ಎಂದರು ನಮ್ಮ ಕಾಕಾ.

"ಏ ಹೋಗೋ, ಮನಿ ಬಾಡಿಗಿ ತುಟ್ಟಿ ಆಗೇತಿ!" ಎಂದರು ಅವರ ಗೆಳೆಯ ರಫೀಕ್ ಚಾಚಾ.

ಪಕ್ಕದಲ್ಲೇ ಕೂತ ಶಾಂತಕ್ಕ ಸೀರೆಯ ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕೊಂಡಿ ಹಾಕುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಅಲ್ಲೆ ಎಲ್ಲಾ ಮಷೀನ್ ಮಗ್ಗ ರೀ. ನನ್ನ ಬೆರಳು ಕೊಂಡಿ ಹಾಕೂದು ಮರ್ಯಾಕ ಹತ್ತಿದ್ವು. ಅಂಜಿಕಿ ಬಂತು. ಬಂದ್ಬಿಟ್ಟೆ."

ನಾನು ಬಗ್ಗಿ ನೋಡಿದೆ. ಸಾವಿರಾರು ಎಳೆ, ಒಂದೂ ತಪ್ಪಿಲ್ಲ.

ತಾಸುಗಟ್ಟಲೆ ವಾದಿಸಿದರೂ ಹಿರಿಯರಿಬ್ಬರ ಮಾತು ಕೂಡಲಿಲ್ಲ. ಶಾಂತಕ್ಕನ ಸೆರಗು ಕೂಡಿತ್ತು.