ಹನ್ನೊಂದು ಜೋಡಿಗೆ ಕಂಪ್ಯೂಟರ್ ಕೊಟ್ಟ ಡೈವೋರ್ಸ್

ಕಂಪ್ಯೂಟರ್ ಕೆಟ್ಟಿರಲಿಲ್ಲ. ವೈರಸ್ಸೂ ಬಂದಿರಲಿಲ್ಲ. ನಮ್ಮ ಮನೆಯ ಮದುವೆಗಳು ಅದರ ತಲೆಗೆ ಹತ್ತಲಿಲ್ಲ, ಅಷ್ಟೇ.

ಮೊಮ್ಮಗಳು ಸುಮಾ ಮೈಸೂರಿನಲ್ಲಿ ಎಂ.ಎ. ಓದುತ್ತಾಳೆ. ಅದರ ಪ್ರಾಜೆಕ್ಟಿಗೆಂದು ಬನ್ನೂರು ಕಡೆಯ ನಮ್ಮ ನೆಂಟರನ್ನೆಲ್ಲ ವಿಚಾರಿಸಿ, ಯಾರಿಗೆ ಯಾರು ಏನಾಗಬೇಕು ಎಂದು ನಂಜನಗೂಡಿನ ಸೈಬರ್ ಸೆಂಟರಿನಲ್ಲಿ ಕೂತು ಚಿತ್ರ ಬಿಡಿಸಿದ್ದಳು. ಒಬ್ಬೊಬ್ಬರಿಗೆ ಒಂದು ಚುಕ್ಕಿ, ಒಂದೊಂದು ಸಂಬಂಧಕ್ಕೆ ಒಂದು ಗೆರೆ.

ಆದರೆ ಕಾಲೇಜಿನ ಮೇಷ್ಟ್ರ ಸಾಫ್ಟ್‌ವೇರೇ ಬೇರೆ. ಇವಳ ಫೈಲು ಅದರಲ್ಲಿ ತೆರೆಯುವುದಿಲ್ಲ. ತಮ್ಮದರ ಸಿಡಿ ಕೊಟ್ಟು, ಕನ್ವರ್ಟ್ ಮಾಡಿ ತಾ ಎಂದರಂತೆ. (ರಾಗಿ ಕೊಟ್ಟು ಹಿಟ್ಟು ತಂದ ಹಾಗೆ ಅಂದುಕೊಂಡೆ.)

ಕನ್ವರ್ಟ್ ಮಾಡಿದವಳು ಪ್ರಿಂಟ್ ಔಟ್ ಹಿಡಿದು ಸಪ್ಪೆ ಮುಖದಲ್ಲಿ ಮನೆಗೆ ಬಂದಳು. ಎಷ್ಟೋ ಗೆರೆಗಳು ಮಾಯ. ಯಾಕೆಂದು ಗೊತ್ತಿಲ್ಲ. ನಾಳೆ ಮಧ್ಯಾಹ್ನದೊಳಗೆ ಸರಿಯಾದದ್ದು ಕೊಡದಿದ್ದರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನೆಂಟರ ವಿಷಯದಲ್ಲಿ ನನ್ನನ್ನು ಫೇಲು ಮಾಡುವವರು ಯಾರಿದ್ದಾರೆ? ಕನ್ನಡಕ ಏರಿಸಿ ಮೊದಲು ನನ್ನನ್ನೇ ಹುಡುಕಿದೆ. ನನಗೂ ಯಜಮಾನರಿಗೂ ನಡುವೆ ಒಂದೇ ಗೆರೆ: ಸೋದರಮಾವ. ಮದುವೆಯ ಗೆರೆ ಇಲ್ಲ! ಕಳಲೆಯ ತಂಗಿಗೆ ಅತ್ತೆ ಮಗ ಇದ್ದಾನೆ, ಗಂಡ ಇಲ್ಲ. ಒಟ್ಟು ಹನ್ನೊಂದು ಜೋಡಿ. ಕೋರ್ಟಿಲ್ಲ, ಲಾಯರಿಲ್ಲ, ಎಲ್ಲರಿಗೂ ಡೈವೋರ್ಸು.

"ಇವ್ರೆಲ್ಲ ಸಂಬಂಧದೊಳ್ಗೇ ಮದ್ವೆ ಆದೋರು ಕಣ್ ಮಗಾ," ಅಂದೆ. "ಒರಗಿಂದ ತಂದ ಸೊಸೇರ ಗೆರೆ ಒಂದೂ ಓಗಿಲ್ಲ ನೋಡು."

ಸುಮಾಗೆ ಆಗ ಹೊಳೆಯಿತು. ಮೇಷ್ಟ್ರ ಸಾಫ್ಟ್‌ವೇರು ಇಬ್ಬರ ನಡುವೆ ಒಂದೇ ಗೆರೆ ಇಟ್ಟುಕೊಂಡು, ಎರಡನೆಯದನ್ನು ಸದ್ದಿಲ್ಲದೆ ಎಸೆಯುತ್ತದೆ. ಒಂದು ಮಾತು ಕೇಳಬಾರದೇ? ರೇಷನ್ ಕಾರ್ಡಿನ ಅರ್ಜಿಯೂ ಹೀಗೇ ತಾನೇ? ಸಂಬಂಧಕ್ಕೆ ಒಂದೇ ಖಾನೆ. ಮನುಷ್ಯರು ಒಂದೇ ಖಾನೆಯಲ್ಲಿ ಬದುಕುತ್ತಾರೆಯೇ?

"ಈಗೇನಜ್ಜಿ ಮಾಡ್ಲಿ?"

"ಮದ್ವೇಗೂ ಒಂದು ಚುಕ್ಕಿ ಇಡು. ಗಂಡಿಂದೊಂದು ಗೆರೆ, ಹೆಣ್ಣಿಂದೊಂದು ಗೆರೆ ಅಲ್ಲಿಗೆ ಎಳಿ. ಚಪ್ರದ ತಾವ ಇಬ್ರೂ ಬಂದು ಕೂತ್ಕಳಲ್ವಾ, ಅಂಗೆ."

ಸೈಬರ್ ಸೆಂಟರಿಗೆ ಓಡಿದಳು. ಸಂಜೆಯೊಳಗೆ ಹನ್ನೊಂದು ಚಪ್ಪರ ಎದ್ದವು. ಮತ್ತೆ ಕನ್ವರ್ಟ್ ಮಾಡಿದರೆ ಒಂದು ಗೆರೆಯೂ ಕಳೆಯಲಿಲ್ಲ. (ಆಮೇಲೆ ಮೇಷ್ಟ್ರೂ ಒಪ್ಪಿಕೊಂಡರಂತೆ.)

ಮರುದಿನ ಬೆಳಿಗ್ಗೆ ಸುಮಾ ಮೊದಲ ಬಸ್ಸು ಹಿಡಿದಳು. ಜಗುಲಿಯಲ್ಲಿ ಕೂತಿದ್ದ ಯಜಮಾನರು ಎಂದಿನಂತೆ ಕಾಫಿ ಕೇಳಿದರು. ನಾನು ಹಳೆಯ ಪ್ರಿಂಟ್ ಔಟ್ ತಂದು ಅವರ ಮುಂದೆ ಹಿಡಿದೆ.

"ಮಾವ, ಇದ್ರಲ್ಲಿ ನಾನು ನಿಮ್ಮಕ್ಕನ ಮಗಳು, ಅಷ್ಟೇಯ. ಕಾಫಿ ನೀವೇ ಕಾಸ್ಕಳಿ."