ಹನ್ನೆರಡನೇ ಹಾಸಿಗೆಯ ಸುಳ್ಳು ಕರೆಗಳು

ಬೆಳಗಿನ ಐದೂವರೆ. ವೃದ್ಧಾಶ್ರಮದ ಉದ್ದನೆಯ ವಾರ್ಡಿನಲ್ಲಿ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ನಲವತ್ತು ಹಾಸಿಗೆಗಳ ನಡುವೆ ಹಿರಿಯ ದಾದಿಯೊಬ್ಬರು ಚಪ್ಪಲಿ ಸದ್ದಾಗದಂತೆ ಓಡಾಡುತ್ತಿದ್ದಾರೆ. ಕಂಕುಳಲ್ಲಿ ರಟ್ಟಿನ ನೋಟ್‌ಬುಕ್ಕು. ಒಂದೊಂದು ಮಂಚದ ಅಂಚಿನಲ್ಲೂ ಕೂತು ಕೇಳುತ್ತಾರೆ: "ರಾತ್ರಿ ಎಷ್ಟು ಸಲ ಎದ್ರಿ? ನನ್ನ ಹತ್ರ ಮುಚ್ಚಿಡ್ಬೇಡಿ."

"ಅಳಿಯನನ್ನೇ ಕೇಳು, ಅವನಿಗೆ ಎಲ್ಲಾ ಗೊತ್ತಲ್ಲ!" ಎಂದು ಕಿಟಕಿ ಪಕ್ಕದ ಅಜ್ಜಿ ಮೂಗು ಮುರಿಯುತ್ತಾರೆ.

ಅಳಿಯ ಎಂದರೆ ದಾದಿಯರ ಮೇಜಿನ ಮೇಲೆ ಕೂತಿರುವ ಕೃತಕ ಬುದ್ಧಿಮತ್ತೆಯ ಯಂತ್ರ. ಪ್ರತಿ ಹಾಸಿಗೆಯಡಿ ಒಂದು ತೆಳ್ಳನೆಯ ಪಟ್ಟಿ ಇದೆ. ಮಗ್ಗುಲು ಬದಲಿಸುವುದನ್ನೂ ಉಸಿರಾಟವನ್ನೂ ಅದರಿಂದ ತಿಳಿದುಕೊಂಡು, ಯಾರು ಎದ್ದು ಬೀಳಬಹುದೆಂದು ಯಂತ್ರ ಮೊದಲೇ ಊಹಿಸಿ ಕೆಂಪು ದೀಪ ಹೊತ್ತಿಸುತ್ತದೆ. ತಾನು ಕೂತಲ್ಲಿಂದ ಏಳದೆ ಮಿಕ್ಕವರನ್ನೆಲ್ಲ ಓಡಿಸುವುದರಿಂದ ಹಿರಿಯರು ಅದಕ್ಕಿಟ್ಟ ಹೆಸರು ಅಳಿಯ. ದಾದಿ ಹೋಗಿ ನೋಡಿ, ಮಂಚದ ಬದಿಯ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು: 'ನಿಜ' ಅಥವಾ 'ಸುಳ್ಳು ಕರೆ'. ಈ ಉತ್ತರಗಳಿಂದಲೇ ಯಂತ್ರ ಕಲಿಯುತ್ತದೆ. ಅದು ಕಲಿಯುತ್ತಿರುವುದು ಸರಿಯೇ ಎಂಬುದು ಈ ದಾದಿಯ ಸಂಶೋಧನೆಯ ವಿಷಯ.

ಇಪ್ಪತ್ತೆರಡು ವರ್ಷ ಪಾಳಿ ಮಾಡಿದ ಮೇಲೆ, ನಲವತ್ನಾಲ್ಕರ ವಯಸ್ಸಿನಲ್ಲಿ ಆಕೆ ಮತ್ತೆ ನರ್ಸಿಂಗ್ ಕಾಲೇಜು ಸೇರಿದರು. ಬಚ್ಚಲಲ್ಲಿ ಜಾರಿ ಬಿದ್ದ ಅತ್ತೆ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡದ್ದು ಆಕೆಯನ್ನು ಇವತ್ತಿಗೂ ಕಾಡುತ್ತದೆ. ಕಂಪ್ಯೂಟರಿನಲ್ಲಿ ಲೆಕ್ಕದ ಪಟ್ಟಿ ಮಾಡಲು ಕಲಿಸಿದವಳು ಹತ್ತನೇ ಕ್ಲಾಸಿನ ಮಗಳು. "ಅವಳ ಹತ್ರ ಬೈಸ್ಕೊಂಡಷ್ಟು ಕಾಲೇಜಲ್ಲೂ ಬೈಸ್ಕೊಂಡಿಲ್ಲ" ಎಂದು, ಪತ್ರಿಕೆಗೆ ಬರೆಯಲು ಬಂದ ನನ್ನೆದುರು ನಗುತ್ತಾರೆ.

ಯಂತ್ರದ ಪರೀಕ್ಷೆ ಯಶಸ್ವಿಯಾದರೆ ಬೆಳಗಿನ ಪಾಳಿಯ ಐವರಲ್ಲಿ ಮೂವರನ್ನು ಬೇರೆಡೆ ಕಳಿಸುವುದು ಆಡಳಿತದ ಯೋಚನೆ. ಎಲ್ಲವೂ ಅದರಂತೆಯೇ ನಡೆದಿತ್ತು. ಸುಳ್ಳು ಕರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು, ಅಳಿಯನ ಬೆನ್ನು ತಟ್ಟದವರೇ ಇರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಹನ್ನೆರಡನೇ ಹಾಸಿಗೆಯ ಗಣಿತದ ಮೇಷ್ಟ್ರು ನೆಲದ ಮೇಲೆ ಸಿಕ್ಕರು. ಎಂಬತ್ನಾಲ್ಕರ ಜೀವ, ಪುಣ್ಯಕ್ಕೆ ಮಣಿಕಟ್ಟು ಉಳುಕಿತ್ತಷ್ಟೇ. ಕೆಂಪು ದೀಪ ಮಾತ್ರ ಹೊತ್ತಿಕೊಂಡೇ ಇರಲಿಲ್ಲ.

ಹಾಸಿಗೆಯಡಿಯ ಪಟ್ಟಿ ಕೆಟ್ಟಿದೆ ಎಂದು ಎಲ್ಲರೂ ಕೈತೊಳೆದುಕೊಂಡರು. ಆಕೆ ಒಪ್ಪಲಿಲ್ಲ. ಮೂರು ತಿಂಗಳ ದಾಖಲೆ ತೆಗೆದು ಕೂತರು. ಆ ಹಾಸಿಗೆಯಿಂದ ಅರವತ್ತೊಂದು ಕರೆ ಬಂದಿತ್ತು, ಅದರಲ್ಲಿ ನಲವತ್ತೆಂಟಕ್ಕೆ ಸಿಕ್ಕ ಉತ್ತರ 'ಸುಳ್ಳು ಕರೆ'. ಮೇಷ್ಟ್ರನ್ನೇ ಕೇಳಿದಾಗ ಗುಟ್ಟು ರಟ್ಟಾಯಿತು.

"ನೀವು ಓಡಿ ಬರೋದು ಕೇಳ್ಸತ್ತಲ್ಲಮ್ಮಾ. ಪಾಪ, ಬೆಳಗ್ಗೆ ಬೆಳಗ್ಗೆ ನಿಮ್ಗ್ಯಾಕೆ ತೊಂದ್ರೆ ಅಂತ ಬೇಗ ವಾಪಸ್ ಮಲಗಿ ಹೊದ್ಕೊಂಡ್ಬಿಡ್ತಿದ್ದೆ. 'ಏನಿಲ್ಲ, ಹೋಗಮ್ಮ' ಅಂತಿದ್ದೆ."

ಕತ್ತಿನವರೆಗೆ ಹೊದ್ದು ಮಲಗಿದವರನ್ನು ನಿಂತ ಕಾಲಲ್ಲೇ ನೋಡಿದ ದಾದಿಯರು 'ಸುಳ್ಳು ಕರೆ' ಗುಂಡಿ ಒತ್ತಿ ಹೋಗುತ್ತಿದ್ದರು. ಮೇಷ್ಟ್ರು ಏಳುವುದು ಲೆಕ್ಕಕ್ಕಿಲ್ಲ ಎಂದು ಯಂತ್ರಕ್ಕೆ ಹೇಳಿಕೊಟ್ಟವರು ದಾದಿಯರೇ. ಪ್ರತಿ ಉತ್ತರದ ಪಕ್ಕ ಒತ್ತಿದವರ ಸಿಬ್ಬಂದಿ ಸಂಖ್ಯೆ ಇತ್ತು. ನಲವತ್ತೆಂಟರಲ್ಲಿ ಮೂವತ್ತೊಂದು ಆಕೆಯದೇ.

"ಆ ದಿನ ಮನೇಗೆ ಹೋಗಿ ಊಟ ಮಾಡಕ್ಕಾಗ್ಲಿಲ್ಲ" ಎನ್ನುತ್ತಾರೆ. ಸಂಶೋಧನೆಯ ವರದಿಯಲ್ಲಿ ಸಿಬ್ಬಂದಿ ಸಂಖ್ಯೆ ಬಿಟ್ಟು ಬರಿ, ಯಾರಿಗೆ ಗೊತ್ತಾಗತ್ತೆ ಎಂದರು ಜೊತೆಯವರು. ತಪ್ಪು ಒಪ್ಪಿಕೊಂಡರೆ ಪಾಳಿಯಿಂದ ಮೊದಲು ಹೊರಬೀಳುವವರು ಆಕೆಯೇ ಆಗಬಹುದಿತ್ತು. ಆದರೂ ವರದಿಯ ಮೊದಲ ಪುಟದಲ್ಲೇ ತಮ್ಮ ಸಂಖ್ಯೆಯನ್ನೂ ಮೂವತ್ತೊಂದು ಕರೆಗಳನ್ನೂ ಬರೆದರು. "ಮೇಷ್ಟ್ರು ಬಿದ್ದಿದ್ದು ನಿಜ ತಾನೇ? ನನ್ನ ಹೆಸರು ಉಳಿಸ್ಕೊಳ್ಳಕ್ಕೆ ಹೋದ್ರೆ ನಾಳೆ ಇನ್ನೊಬ್ರು ಬೀಳ್ತಾರೆ."

ಆಡಳಿತದವರ ಮುಂದೆ ತಾವೇ ನಿಂತು ಅದನ್ನು ಓದಿದರು. ಇಂಥ ಎದೆಗಾರಿಕೆಯನ್ನು ನಾನು ದೊಡ್ಡ ದೊಡ್ಡ ಕುರ್ಚಿಗಳಲ್ಲೂ ಕಂಡಿಲ್ಲ. ಪಾಳಿ ಕಡಿತದ ಮಾತು ಈಗ ನಿಂತಿದೆ. ಹಳೆಯ ಉತ್ತರಗಳನ್ನು ಯಂತ್ರದಿಂದ ಅಳಿಸಲಾಗಿದೆ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು ಮಾತಾಡಿಸದೆ ಯಾರೂ ಗುಂಡಿ ಮುಟ್ಟುವಂತಿಲ್ಲ. "ಅಳಿಯನ ಮೇಲೆ ನಂಗೇನೂ ಕೋಪ ಇಲ್ಲ. ನಾವು ಹೇಳ್ಕೊಟ್ಟಿದ್ದನ್ನೇ ಕಲ್ತ, ಪಾಪ. ಎಲ್ಲಾ ವಾರ್ಡಲ್ಲೂ ಆ ಎರಡು ನಿಮಿಷ ಬರ್ಲಿ, ಅಷ್ಟು ಸಾಕು ನಂಗೆ" ಎನ್ನುತ್ತಾರೆ.

ಮಾತಿನ ನಡುವೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹನ್ನೆರಡನೇ ಹಾಸಿಗೆ. ನಾನೂ ಹಿಂದೆಯೇ ಓಡುತ್ತೇನೆ. ಮೇಷ್ಟ್ರು ಮಂಚದ ಅಂಚಿಗೆ ಬಂದು ಕೂತಿದ್ದಾರೆ, ಒಂದು ಕಾಲು ನೆಲದ ಮೇಲಿದೆ. ನಮ್ಮನ್ನು ಕಂಡವರೇ ಹೊದಿಕೆಗೆ ಕೈ ಹಾಕುತ್ತಾರೆ. ಆಮೇಲೆ ಅದನ್ನು ಬಿಟ್ಟು, ಸಂಕೋಚದಿಂದ ಕೈ ಮುಂದೆ ಚಾಚುತ್ತಾರೆ.

"ಎದ್ದಿದ್ದೆ ಕಣಮ್ಮಾ. ಬಚ್ಚಲಿಗೆ ಹೋಗ್ಬೇಕು. ಸ್ವಲ್ಪ ಹಿಡ್ಕೋ."

ಆಕೆ ತೋಳು ಕೊಟ್ಟು ನಿಧಾನವಾಗಿ ಕರೆದೊಯ್ದು, ವಾಪಸ್ ತಂದು ಮಲಗಿಸುತ್ತಾರೆ. 'ನಿಜ' ಗುಂಡಿಯನ್ನು ಒತ್ತಿ ನನ್ನತ್ತ ತಿರುಗುತ್ತಾರೆ.

"ಬರ್ಕೊಳ್ಳಿ, ಇವತ್ತು ಮೇಷ್ಟ್ರು ಬೀಳ್ಲಿಲ್ಲ."